ಬಾವಿಯ ಹಿಂದಿನ ಒಂದು ಗಿಡ

ಆಗಸ್ಟ್ ೧೯, ಮಂಗಳವಾರ

ಎಷ್ಟು ತೊಳೆದರೂ ಸುಟ್ಟ ಗಿಡದ ವಾಸನೆ ಕೈಯಿಂದ ಹೋಗುತ್ತಿಲ್ಲ.

ಬೆಳಿಗ್ಗೆ ಅಣ್ಣನ ಮಗಳು ಬಂದಿದ್ದಳು. ಬೆಳೆರೋಗದ ಪ್ರಯೋಗಾಲಯದಲ್ಲಿ ಅವಳ ಕೆಲಸ. ಹೋದ ಸಲ ನನ್ನ ಮೆಕ್ಕೆಜೋಳದ ಹಳದಿ ಎಲೆಗಳನ್ನು ಕೊಯ್ದುಕೊಂಡು ಹೋಗಿದ್ದಳು.

“ಚಿಕ್ಕಪ್ಪ, ನಿಮ್ಮ ಹೊಲದ ವೈರಸ್ಸೇ ಬೇರೆ, ಪಕ್ಕದ ಹೊಲದ್ದೇ ಬೇರೆ. ಇದರ ಬಳಗದ ವೈರಸ್ಸುಗಳು ಇರೋದು ಎಲ್ಲೋ ದೂರದ ಊರಲ್ಲಿ. ಬೀಜದ ಜೊತೆ ಬಂದಿರಬೇಕು.”

“ನೋಡಿದ್ಯಾ? ನನ್ನ ಹೊಲಕ್ಕೆ ರೋಗ ಬಂದ್ರೂ ದೊಡ್ಡ ಮನೆತನದ್ದೇ ಬರುತ್ತೆ!”

ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಮನೆಯಲ್ಲಿ ಆ ನಗು ಕೇಳಿ ಎಷ್ಟು ಕಾಲವಾಗಿತ್ತು!

“ರೋಗದ ಗಿಡ ಎಲ್ಲಾ ಕಿತ್ತು ಸುಟ್ರಿ ತಾನೇ? ಒಂದು ಉಳಿದ್ರೂ ಎಲೆ ರಸ ಹೀರೋ ಹೇನು ರೋಗಾನ ಊರಿಗೆಲ್ಲಾ ಹಂಚುತ್ತೆ.”

“ನನ್ನ ಕೈಗೆ ಸಿಕ್ಕಿದ್ದು ಉಳಿಯೋದುಂಟಾ?” ಎಂದು ಮೀಸೆ ತಿರುವಿದೆ.

“ಹಾಗಾದ್ರೆ ಇಲ್ಲಿ ನನ್ನ ಕೆಲಸ ಮುಗೀತು,” ಎಂದು ಚೀಲ ಹೆಗಲಿಗೇರಿಸಿದಳು.

ಆ ಮಾತು ಎಲ್ಲಿ ಕೇಳಬೇಕಾಗುತ್ತದೋ ಎಂದು ಹೆದರಿಯೇ ಬಾವಿಯ ಹಿಂದೆ ಒಂದು ಗಿಡ ಉಳಿಸಿಕೊಂಡಿದ್ದೆ. ಎಲೆ ಕೊಯ್ಯುವ ನೆಪದಲ್ಲಾದರೂ ಬರುತ್ತಾಳೆ, ಒಂದು ಹೊತ್ತು ಕೂರುತ್ತಾಳೆ ಎಂದು. ಆದರೆ ನನ್ನ ಆಸೆಗೆ ಪಕ್ಕದವರ ಪೈರು ಯಾಕೆ ಹಾಳಾಗಬೇಕು? ಅವಳ ಬಸ್ಸು ಹೋದಮೇಲೆ ಅದನ್ನೂ ಕಿತ್ತು ಸುಟ್ಟೆ.

ನಾಳೆ ಫೋನ್ ಮಾಡಿ, ರೋಗ ಗೀಗ ಏನೂ ಇಲ್ಲಮ್ಮ, ಸುಮ್ಮನೆ ಬಾ ಅನ್ನಬೇಕು. ಊರಿಗೇ ದೊಡ್ಡ ಬಾಯಿ ನನ್ನದು. ಇದೊಂದು ಮಾತಿಗೆ ಮಾತ್ರ ಅದು…