ಒಕ್ಕಣ್ಣಿನ ಗಿಡುಗ

ಕುಣಿಗಲ್,
೯ ಜುಲೈ ೨೦೨೫

ರೂಪಶ್ರೀ,

ಹೆಸರಿನ ಮುಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀರು ನಿನಗೂ ಕಾಣಲಿ.

ಅಮ್ಮ ಅಂಗಡಿ ಮುಚ್ಚಿ ಇವತ್ತಿಗೆ ಹನ್ನೊಂದು ದಿನ. ಮನೆಯ ಮುಂದಿನ ಆ ಪುಟ್ಟ ಅಂಗಡಿಗೆ ಸ್ಕೂಲು ಬಿಟ್ಟ ಮಕ್ಕಳು ಬೋಟಿ, ಕಡ್ಲೆಮಿಠಾಯಿಗೆಂದು ಮುತ್ತಿಕೊಳ್ಳುತ್ತಿದ್ದದ್ದನ್ನು ನೀನೇ ನೋಡಿದ್ದೀಯ. ಈಗ ರಸ್ತೆಯ ಆ ಬದಿ ನಿಂತು, "ಒಕ್ಕಣ್ಣಿ ಗಿಡುಗಮ್ಮ, ಹಿಡ್ಕೊ ನೋಡಣ" ಎಂದು ಕೂಗಿ ಓಡುತ್ತಾರೆ. ಮಕ್ಕಳಲ್ವಾ ಬುಡು ಎಂದು ಅಮ್ಮ ಅದನ್ನೂ ಸಹಿಸಿದಳು. ಆದರೆ ಎದುರುಮನೆ ಗಿರಿಯಮ್ಮನ ಮೊಮ್ಮಗಳು, ನಾಲ್ಕು ವರ್ಷದ್ದು, ಅಮ್ಮ ಮಿಠಾಯಿ ಕೊಡಲು ಕೈ ಚಾಚಿದ್ದಕ್ಕೆ ಚೀರಿ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು. ಅಮ್ಮ ಡಬ್ಬಗಳನ್ನೆಲ್ಲ ಒಳಗೆ ತಂದು ಮಂಚದ ಕೆಳಗೆ ತಳ್ಳಿದಳು. ಈಗ ಹಾಲು ತರಲು ಹೋಗುವಾಗಲೂ ಸೆರಗನ್ನು ಎಡಗಣ್ಣಿನವರೆಗೆ ಎಳೆದುಕೊಳ್ಳುತ್ತಾಳೆ.

ಗಿಡುಗಮ್ಮ ಎಲ್ಲಿಂದ ಬಂದಳೆಂದು ಮರೆತಿದ್ದರೆ ನೆನಪಿಸುತ್ತೇನೆ. ಡಿಗ್ರಿ ಮುಗಿದ ವರ್ಷ ಅಮೃತೂರಿನ ನಮ್ಮ ತೋಟದಲ್ಲಿ ಅಮ್ಮ ನಮ್ಮಿಬ್ಬರಿಗೂ ಶಿಬಿ ಚಕ್ರವರ್ತಿಯ ಕಥೆ ಹೇಳಿದಳು. ಗಿಡುಗಕ್ಕೆ ಹೆದರಿ ಬಂದ ಪಾರಿವಾಳವನ್ನು ಉಳಿಸಲು ರಾಜ ತನ್ನ ತೊಡೆಯ ಮಾಂಸವನ್ನೇ ಕೊಯ್ದು ತೂಗಿದ ಕಥೆ. ನೀನು ರಾಜನನ್ನು ಹೊಗಳಿದೆ. ಅಮ್ಮ, "ಪಾರಿವಾಳಕ್ಕೇನೋ ರಾಜ ಸಿಕ್ದ. ಗೂಡಲ್ಲಿ ಬಾಯ್ಬಿಟ್ಕೊಂಡು ಕೂತಿದ್ ಗಿಡುಗನ ಮರಿಗಳ್ನ ಯಾರ್ ಕೇಳುದ್ರು?" ಅಂದಳು.

ಅವತ್ತೇ ನಾನು ಚಿತ್ರ ಬರೆದೆ, ನೀನು ಮಾತು ಬರೆದೆ. ತೆಂಗಿನ ಗರಿ ಬಡಿದು ಅಮ್ಮನ ಎಡಗಣ್ಣು ಹೋಗಿತ್ತಲ್ಲ, ಗಿಡುಗಮ್ಮನಿಗೂ ಒಂದೇ ಕಣ್ಣು ಇಟ್ಟೆವು. "ಒಂದ್ ಕಣ್ಣಲ್ಲೇ ಎಲ್ಲಾ ಕಾಣ್ತದೆ ಕಣ್ರೋ" ಎಂಬ ಅಮ್ಮನ ಮಾತನ್ನೂ ಕೊಟ್ಟೆವು. ಗುಬ್ಬಿ ಊರಿನಿಂದ ಬರುತ್ತಿದ್ದ ಮಕ್ಕಳ ಪತ್ರಿಕೆಯಲ್ಲಿ ಆರು ವರ್ಷ ಅವಳು ದಾರಿ ತಪ್ಪಿದ ಮರಿಗಳನ್ನು ಹುಡುಕಿ ಗೂಡು ಸೇರಿಸುತ್ತಿದ್ದಳು.

ಈಗ ನಿಮ್ಮ ಸ್ಟುಡಿಯೋ ಮಾಡಿ ನೀನು ಬರೆಯುತ್ತಿರುವ ಟೀವಿ ಕಾರ್ಟೂನಿನಲ್ಲಿ ಅದೇ ಗಿಡುಗಮ್ಮ ಮರಿಗಳನ್ನು ಕದಿಯುತ್ತಾಳೆ. ಅದೇ ಮಾತು ಹೇಳಿಕೊಂಡು ಎರಗುತ್ತಾಳೆ. ಅಮ್ಮನ ಕೈಯ ರಾಗಿರೊಟ್ಟಿ ತಿಂದವಳು ನೀನು. ಅದನ್ನು ಬರೆಯುವಾಗ ಅವಳ ಮುಖ ನೆನಪಾಗಲಿಲ್ಲವೇ?

ಶನಿವಾರ ತುಮಕೂರಿಗೆ, ನಿಮ್ಮ ಸ್ಟುಡಿಯೋಗೇ ಬಂದೆ. ನೀನು ಒಂದೂವರೆ ಗಂಟೆ ಕಾಯಿಸಿ, ಆಮೇಲೆ ಮೆಟ್ಟಿಲ ಮೇಲೆ ನಿಂತೇ, "ಗಿಡುಗ ಅಂದ್ರೆ ವಿಲನ್ನೇ ಕಣೇ, ಮಕ್ಕಳಿಗೆ ಭಯ ಆಗ್ಬೇಕಲ್ವಾ" ಅಂದೆ. ಗರುಡನೂ ಅದೇ ಕುಲದ ಹಕ್ಕಿ. ತಾಯಿಯ ದಾಸ್ಯ ಬಿಡಿಸಲು ಸ್ವರ್ಗಕ್ಕೆ ನುಗ್ಗಿ ಅಮೃತ ತಂದವನು. ಅವನಿಗೆ ಎಲ್ಲರೂ ಕೈ ಮುಗಿಯುತ್ತೀರಿ. ನಿನಗೆ ಬೇಕಾಗಿದ್ದ ಭಯ ಆಗಿದೆ ರೂಪಾ, ನಾಲ್ಕು ವರ್ಷದ ಮಗುವಿಗೆ, ನನ್ನ ಅಮ್ಮನನ್ನು ಕಂಡು.

ಮುಂದಿನ ಕಂತಿನಿಂದ ಆ ಕುರುಡು ಕಣ್ಣು ಇರಬಾರದು. ಆ ಮಾತು ಇರಬಾರದು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನನ್ನದೂ ಬೇಡ. ನೀನು ಮಾಡು, ಬಿಡು, ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಹುಡುಕಿ ತಂದು ನನ್ನ ಡ್ರಾಯಿಂಗ್ ಕ್ಲಾಸಿನ ಮಕ್ಕಳಿಗೆ ಓದಿಸಲು ಶುರುಮಾಡಿದ್ದೇನೆ.

ಒಂದು ಕಾಲದ ಗೆಳತಿ,
ಅಕ್ಷತಾ

ತಾ.ಕ.: ನಿನ್ನೆ ಕವರಿಗೆ ಹಾಕಿದ್ದನ್ನು ಮತ್ತೆ ತೆಗೆದು ಇದನ್ನು ಬರೆಯುತ್ತಿದ್ದೇನೆ. ಜನವರಿಯಲ್ಲಿ ನೀನು ಫೋನು ಮಾಡಿ, ಸ್ಟುಡಿಯೋದವರು ಗಿಡುಗಮ್ಮನನ್ನು ಕೆಟ್ಟವಳನ್ನಾಗಿ ಮಾಡುತ್ತಾರಂತೆ, ಏನು ಹೇಳಲಿ ಎಂದು ಕೇಳಿದ್ದೆ. "ಏನಾದ್ರೂ ಮಾಡ್ಕೊಳ್ಳಿ, ಟೀವೀಲಿ ನನ್ನ ಹೆಸರು ಬಂದ್ರೆ ಸಾಕು" ಅಂದವಳು ನಾನು. ಅದನ್ನು ಮುಚ್ಚಿಟ್ಟು ಅಮ್ಮನ ಮುಂದೆ ನಿನ್ನೊಬ್ಬಳನ್ನೇ ಬೈಯುತ್ತಿದ್ದೆ. ಇವತ್ತು ಬೆಳಿಗ್ಗೆ ಎಲ್ಲ ಹೇಳಿದೆ. ಅಮ್ಮ, "ಅವ್ಳು ಹೊರಗ್ನೋಳು ಬುಡು. ನಿಂಗೇನಾಗಿತ್ತು?" ಅಂದಳು. ಆಮೇಲೆ ನನ್ನ ಜೊತೆ ಮಾತಾಡಿಲ್ಲ.