ಅರ್ಧ ಕೇಳಿದ ಮಂಡಿ ಪಾಠ

ಬುಗುರಿ,

ಎದ್ದವಳೇ ಬೂಟಿಗಾಗಿ ಮನೆ ತಲೆಕೆಳಗು ಮಾಡಬೇಡ. ನನ್ನ ಮಂಚದ ಕೆಳಗಿವೆ, ಬಚ್ಚಿಟ್ಟವಳು ನಾನೇ.

ನಿನ್ನೆ "ಅಜ್ಜೀ, ಮಂಡಿ ಊತ ಇಳಿದಿದೆ, ಇನ್ನು ಆಡಬಹುದು ಅಂತ ಪಾಡ್‌ಕಾಸ್ಟ್ ಡಾಕ್ಟರಮ್ಮನೇ ಹೇಳಿದ್ರು!" ಅಂತ ಕುಣಿದೆಯಲ್ಲ, ಆಮೇಲೆ ಪಾತ್ರೆ ತೊಳೆಯುತ್ತಾ ನಾನೂ ಆ ಪಾಡ್‌ಕಾಸ್ಟನ್ನೇ ಹಾಕಿಕೊಂಡು ಕೇಳಿದೆ. ನೀನು ಬೇಕಾದ ಮಾತು ಸಿಕ್ಕ ಕೂಡಲೇ ನಿಲ್ಲಿಸಿದ್ದೀಯ, ಕಳ್ಳಿ. ನಾನು ಕೊನೆತನಕ ಕೇಳಿದೆ. ಊತ ಇಳಿದರೆ ಸಾಲದಂತೆ. ಪೆಟ್ಟಾದ ಕಾಲೊಂದರಲ್ಲೇ ಕುಂಟೆಬಿಲ್ಲೆಯ ಹಾಗೆ ಜಿಗಿದರೂ ನೋಯಬಾರದಂತೆ. ಇಲ್ಲದಿದ್ದರೆ ಇವತ್ತಿನ ಒಂದು ಪಂದ್ಯಕ್ಕಾಗಿ ವರ್ಷವಿಡೀ ಕೂರಬೇಕಾದೀತು.

ಹಾಲು ಕಾಯಿಸಿಟ್ಟಿದ್ದೇನೆ, ಕುಡಿ. ಆಮೇಲೆ ನಡುಮನೆಯ ಚಾಪೆ ಸುತ್ತಿಟ್ಟು, ಗೋಡೆ ಹಿಡಿಯದೆ ಜಿಗಿದು ನೋಡು. ಸಲೀಸಾಗಿ ಆದರೆ ಬೂಟು ಹಾಕಿಕೊಂಡು ಹೊರಡು, ಮೈದಾನಕ್ಕೆ ಬಂದು ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ಚುಳ್ ಅಂದರೆ ಕೋಚ್‌ಗೆ ನೀನೇ ಫೋನ್ ಮಾಡು. ಅವರಿಗೆ ನಾನೇನೂ ಹೇಳಿಲ್ಲ.

ಬೇಕಂತಲೇ ಅಂಗಡಿಗೆ ಹೊರಟಿದ್ದೇನೆ. ನಾನು ಎದುರಿಗಿದ್ದರೆ ನೀನು ಹಲ್ಲು ಕಚ್ಚಿಕೊಂಡು, ನಗುನಗುತ್ತಲೇ ಜಿಗಿದುಬಿಡುತ್ತೀಯ. ಒಬ್ಬಳೇ ಇದ್ದಾಗ ಯಾರಿಗೆ ಸುಳ್ಳು ಹೇಳ್ತೀಯೇ?

ಅಜ್ಜಿ