ದುಭಾಷಿ ಊರಲ್ಲಿಲ್ಲದಾಗ

ಭಾನುವಾರ, ಮಧ್ಯಾಹ್ನ

ನಮ್ಮ ಮನೆಯವರಿಗೆ,

ನಿಮ್ಮ ಹಡಗು ಯಾವ ಬಂದರಿನಲ್ಲಿದ್ದರೂ ಸರಿ, ಈ ಕಾಗದವನ್ನು ಕೂತು ಓದಿ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನಿಮ್ಮ ಅಮ್ಮನ ಭಾಷೆ ಕಲಿತಿದ್ದೇನೆ.

ಮುಖ ಬಿಳಿಚಿಕೊಂಡಿತೆ? ಬಿಳಿಚಿಕೊಳ್ಳಲಿ. ಅತ್ತೆಯನ್ನು ಇಲ್ಲಿ ತಂದುಬಿಟ್ಟು ನೀವು ಹಡಗು ಹತ್ತಿದಿರಿ. ಇಲ್ಲಿ ನಾವಿಬ್ಬರೂ ಕೈಸನ್ನೆಯಲ್ಲಿ ಬದುಕಿದೆವು. ಅವರು ಬಿಸಿನೀರು ಕೇಳಿದರೆ ನಾನು ಫ್ಯಾನ್ ಹಾಕುತ್ತಿದ್ದೆ. ಐವತ್ತು ದಾಟಿದ ಮೇಲೆ ಇದೇನು ಗ್ರಹಚಾರ ಎಂದುಕೊಂಡು, ನಮ್ಮ ಕನ್ನಡಕದ ಅಂಗಡಿಗೆ ಬರುವ ಹಿರಿಯರೊಬ್ಬರನ್ನು ಪಾಠಕ್ಕೆ ಕೇಳಿಕೊಂಡೆ. ನಿಮ್ಮ ಭಾಷೆಯವರೇ, ರೇಡಿಯೋದಲ್ಲಿ ವಾರ್ತೆ ಓದಿ ನಿವೃತ್ತರಾದವರು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಲೆನ್ಸ್ ಒರೆಸುತ್ತಾ ಕಲಿತೆ. ಅವರಿಗೆ ವಾರ್ತೆ ಬಿಟ್ಟು ಬೇರೆ ಮಾತೇ ಬರುವುದಿಲ್ಲ ಎಂದು ನನಗೇನು ಗೊತ್ತು? ಮೊದಲ ಸಲ ಅತ್ತೆಯನ್ನು ಊಟಕ್ಕೆ ಕರೆದಾಗ ನನ್ನ ಬಾಯಿಂದ ಬಂದದ್ದು: "ಇದೀಗ ಬಂದ ವರದಿಯಂತೆ, ಊಟ ಸಿದ್ಧವಾಗಿದೆ." ಅತ್ತೆ ಎದ್ದು ರೇಡಿಯೋ ಆರಿಸಲು ಹೋದರು.

ಆದರೆ ಕಿವಿ ಚುರುಕಾಯಿತು ನೋಡಿ. ನಾನು ಕುಂಬಳಕಾಯಿ ಸೂಪು ಬಡಿಸಿದಾಗಲೆಲ್ಲ ಅವರು ಒಂದು ಮಾತು ಹೇಳುತ್ತಾರಲ್ಲ? "ನಿನ್ನ ಕೈರುಚಿ ಯಾರಿಗೂ ಬರಲ್ವಂತೆ" ಎಂದು ಮದುವೆಯಾದಾಗಿನಿಂದ ನೀವು ಅರ್ಥ ಹೇಳಿದಿರಲ್ಲ? ಹೋದ ವಾರ ಗೊತ್ತಾಯಿತು, ಅದು "ಮತ್ತೆ ಇದೇ ಕೆಸರಾ?"

ನಾನು ಸೌಟು ಕೆಳಗಿಟ್ಟು, "ಕೆಸರಿನ ಕುರಿತು ಉನ್ನತ ಮಟ್ಟದ ತನಿಖೆ ನಡೆಯಲಿದೆ" ಎಂದೆ. ಅತ್ತೆಗೆ ನೆತ್ತಿಗೆ ಹತ್ತಿತು. ಬೆನ್ನು ತಟ್ಟಿದೆ. ಅವರಿಗೆ ಉಸಿರು ಬಂದ ಮೇಲೆ ತನಿಖೆ ನಿಜವಾಗಿಯೇ ನಡೆಯಿತು.

ಮದುವೆಯ ಹೊಸದರಲ್ಲಿ ಅತ್ತೆ ಊರಿಂದ ಕಳಿಸಿದ ಮೊದಲ ಬೀರು ಬಂದಾಗ, "ಈ ಬೆಟ್ಟಾನ ಎಲ್ಲಿಡೋದು?" ಎಂದಿದ್ದೆ. ನೀವು ಅವರಿಗೆ ಹೇಳಿದ್ದು, "ಅಮ್ಮಾ, ಇವಳು ಖುಷಿಗೆ ಅಳ್ತಿದಾಳೆ." ಆದ್ದರಿಂದಲೇ ತಾನೇ ಮರುವರ್ಷ ಇನ್ನೊಂದು ಬೀರು, ಆಮೇಲೆ ಆ ಮಂಚ, ಆ ನಿಲುಗನ್ನಡಿ! ಪಾಪ, ಅವರು ಕಣ್ಣು ಮುಚ್ಚಿ ಸೂಪು ಕುಡಿದರು, ನಾನು ಬೀರುಗಳ ಸಂದಿಯಲ್ಲಿ ಅಡ್ಡಡ್ಡ ನಡೆದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ನಿನ್ನ ಮಾವ ತೀರಿಹೋದ ದಿನ, 'ನಾನು ನಿಮ್ಮ ಸೊಸೆಯಲ್ಲ, ಮಗಳು' ಅಂದೆಯಲ್ಲ, ಅದು?"

ಆ ದಿನ ನಾನು ನಿಮಗೆ ಹೇಳಿದ್ದು, "ಅವರಿಗೆ ಒಂದು ಲೋಟ ನೀರು ಕೊಡಿ" ಎಂದಷ್ಟೇ. ಅತ್ತೆಗೂ ಹಾಗೆಂದೇ ಹೇಳಿದೆ. ಸುಳ್ಳು ಹೇಳುವಷ್ಟು ವ್ಯಾಕರಣ ನನಗಿನ್ನೂ ಬಂದಿರಲಿಲ್ಲ.

ಅವರು ಎದ್ದು ತಮ್ಮ ಕೋಣೆಗೆ ಹೋದರು. ಬೆಳಿಗ್ಗೆ ನೋಡಿದರೆ ಬಾಗಿಲ ಬಳಿ ಬ್ಯಾಗು. ಮಗಳು ಎಂಬ ಆ ಒಂದು ಮಾತನ್ನು ಅವರು ತಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ. "ಹೋಗಬೇಡಿ" ಅನ್ನಬೇಕು, ಆ ಪದವನ್ನೇ ಗುರುಗಳು ಕಲಿಸಿರಲಿಲ್ಲ. ವಾರ್ತೆಯಲ್ಲಿ ಯಾರೂ ಯಾರಿಗೂ ಹಾಗೆ ಹೇಳುವುದಿಲ್ಲ. ಬಾಗಿಲಿಗೆ ಅಡ್ಡ ನಿಂತು, ಬ್ಯಾಗು ಹಿಡಿದೆಳೆದು, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಇಂದಿನ ಎಲ್ಲ ರೈಲುಗಳನ್ನು ರದ್ದುಪಡಿಸಲಾಗಿದೆ."

ಅತ್ತೆ ನನ್ನನ್ನೇ ನೋಡಿದರು. "ಕಾರಣ?" ಎಂದರು.

"ಕಾರಣ ತಿಳಿದುಬಂದಿಲ್ಲ" ಎಂದೆ. ಅಳು ಬಂದೇಬಿಟ್ಟಿತು. ಅವರಿಗೂ ಬಂತು, ನಗುವಿನ ಜೊತೆಗೇ. ಬ್ಯಾಗು ಒಳಗೆ ಹೋಯಿತು.

ಈಗ ದಿನಾ ಜಗಳವಾಡುತ್ತೇವೆ. ಎಷ್ಟು ಹಿತ ಅಂತೀರಿ! ನಿನ್ನೆ ಇಬ್ಬರೂ ಸೇರಿ ದೊಡ್ಡ ಬೀರುವನ್ನು ಮಾರಿಬಿಟ್ಟೆವು. ಅದರಲ್ಲಿ ನಿಮ್ಮ ಕೋಟು ಇದ್ದದ್ದು ಆಮೇಲೆ ನೆನಪಾಯಿತು.

ಇಂತಿ,
ಸದ್ಯಕ್ಕೆ ನಿಮ್ಮವಳೇ

ತಾ.ಕ.: ತಮ್ಮದೂ ಒಂದು ಮಾತು ಸೇರಿಸು ಎಂದು ಅತ್ತೆ ಪಕ್ಕದಲ್ಲೇ ಕೂತು ಹೇಳಿದರು. "ಮಗನೇ, ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ಬೇಗ ಬಾ" ಎಂದು ಬರೆದಿದ್ದೇನೆ. ಅವರು ಅಂದದ್ದು ಹಾಗಲ್ಲ. ಆದರೆ ಅದನ್ನು ಇದ್ದ ಹಾಗೇ ಬರೆದರೆ ನೀವು ಬರುವುದೇ ಇಲ್ಲ.